ಬಕಧ್ಯಾನದ ಚಿತ್ರಗಾರರು

ನಮ್ಮಲ್ಲಿ 'ಬಕಧ್ಯಾನ' ಎಂದೊಂದು ಮಾತಿದೆ. ಕೆರೆಯಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತು, ಜಗತ್ತಿನ ಗೊಡವೆಯೇ ಬೇಡವೆಂಬಂತೆ ತೋರುವ ಬಕಪಕ್ಷಿಯ ಮನಸ್ಸೆಲ್ಲ ನೀರಿನೊಳಗಿನ ಮೀನಿನ ಮೇಲೆಯೇ ನೆಟ್ಟಿರುತ್ತದೆ. ಹೊರಗೆ ಸಾಧುವಿನಂತೆ ಕಂಡು ಒಳಗೆ ಲಾಭವನ್ನೇ ಚಿಂತಿಸುವವರಿಗೆ ಈ ಮಾತನ್ನು ನಾವು ಧಾರಾಳವಾಗಿ ಅನ್ವಯಿಸುತ್ತೇವೆ. ಆದರೆ ಆ ಬಕನ ಎದುರಿಗೇ, ಬಕನಿಗಿಂತಲೂ ನಿಶ್ಚಲವಾಗಿ, ಕೆಸರಿನಲ್ಲಿ ಮೊಣಕಾಲುದ್ದ ಹೂತು ಗಂಟೆಗಟ್ಟಲೆ ಕುಳಿತ ಮನುಷ್ಯರೂ ಉಂಟು. ಅವರಿಗೆ ಬೇಕಾಗಿದ್ದುದು ಮೀನಲ್ಲ, ಹಕ್ಕಿಯ ಮಾಂಸವೂ ಅಲ್ಲ. ಅದರ ಒಂದು ಚಿತ್ರ ಮಾತ್ರ. ಕಡಲಂಚಿನ ಜೌಗುನೆಲಗಳಲ್ಲಿ ಉದ್ದಗಾಲಿನ ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿಯಹೊರಟ ಈ ಜನರ ಕಥೆ ಮೇಲುನೋಟಕ್ಕೆ ಬಿಡುವಿನ ಹವ್ಯಾಸದ ಕಥೆ. ಸ್ವಲ್ಪ ಒಳಹೊಕ್ಕು ನೋಡಿದರೆ ಅದು ಸಾವು ಬದುಕಿನ ಕಥೆ.

ಅದರ ಮೊದಲ ಅಧ್ಯಾಯದಲ್ಲಿ ಬರುವ ಹಕ್ಕಿ ಸತ್ತ ಹಕ್ಕಿ. ವೇಲ್ಸ್ ದೇಶದ ಸ್ವಾನ್ಸಿ ಪಟ್ಟಣದ ಬಳಿ ಪೆನ್‌ಲರ್ಗೇರ್ ಎಂಬ ಎಸ್ಟೇಟಿನ ಒಡೆಯ ಜಾನ್ ಡಿಲ್ವಿನ್ ಲೆವೆಲಿನ್ ಎಂಬಾತನಿಗೆ ಛಾಯಾಚಿತ್ರದ ಹುಚ್ಚು. ಛಾಯಾಚಿತ್ರಕಲೆಯ ಜನಕರಲ್ಲೊಬ್ಬನಾದ ಫಾಕ್ಸ್ ಟಾಲ್ಬಟನ ಸೋದರಸಂಬಂಧಿಯನ್ನೇ ಆತ ಮದುವೆಯಾಗಿದ್ದ. ೧೮೫೬ರಲ್ಲಿ ಆತ ತೆಗೆದ ಒಂದು ಚಿತ್ರದಲ್ಲಿ ಕೊಳದ ಅಂಚಿನಲ್ಲಿ ಬೂದು ಬಕವೊಂದು ಮೀನಿಗಾಗಿ ಕಾದು ನಿಂತಿದೆ. ನಮ್ಮಲ್ಲಿ ಕೆಲವರು ನಾರಾಯಣಪಕ್ಷಿ ಎಂದು ಕರೆಯುವ ಹಕ್ಕಿಯೇ ಅದು. ನೋಡಿದವರು ಮೆಚ್ಚಿ ತಲೆದೂಗುವಂತಹ ಚಿತ್ರ. ಆದರೆ ಆ ಬಕ ಎಂದೋ ಸತ್ತದ್ದು. ಒಳಗೆ ಹೊಟ್ಟು ತುಂಬಿ ಹೊಲಿದು ನೀರಿನಂಚಿಗೆ ತಂದು ನಿಲ್ಲಿಸಿದ್ದು.

ಇದರಲ್ಲಿ ಮೋಸವೇನೂ ಇರಲಿಲ್ಲ. ಆತನಿಗೆ ಬೇರೆ ದಾರಿಯೇ ಇರಲಿಲ್ಲ. ಅಂದಿನ ಗಾಜಿನ ಫಲಕಗಳು ಬೆಳಕನ್ನು ಬಹು ಮೆಲ್ಲಗೆ ಹೀರುತ್ತಿದ್ದವು. ಹಲವು ಕ್ಷಣಗಳ ಕಾಲ ಮಸೂರವನ್ನು ತೆರೆದೇ ಇಡಬೇಕು. ಅಷ್ಟರಲ್ಲಿ ಜೀವವಿರುವ ಯಾವ ಹಕ್ಕಿ ಕತ್ತು ತಿರುಗಿಸದೆ ಇದ್ದೀತು? ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಇನ್ನೊಂದು ತೊಡಕು. ಫಲಕಕ್ಕೆ ಔಷಧ ಬಳಿಯುವುದು, ಚಿತ್ರ ತೆಗೆಯುವುದು, ತೊಳೆಯುವುದು, ಈ ಮೂರೂ ಕೆಲಸಗಳು ಫಲಕ ಒದ್ದೆಯಾಗಿರುವಾಗಲೇ ಮುಗಿಯಬೇಕು. ಎಂದರೆ ಕತ್ತಲೆ ಕೋಣೆಯನ್ನೇ ಡೇರೆಯಾಗಿ ಕಟ್ಟಿ ಹೊತ್ತುಕೊಂಡು ಹೋಗಬೇಕು. ಗಟ್ಟಿ ನೆಲದಲ್ಲೇ ಇದು ಕಷ್ಟ. ಕಾಲಿಟ್ಟರೆ ಕುಸಿಯುವ ಜೌಗಿನಲ್ಲಿ ಕೇಳುವುದೇ ಬೇಡ.

ಜೀವಂತ ಕಾಡುಹಕ್ಕಿಯ ಅತ್ಯಂತ ಹಳೆಯ ಚಿತ್ರಗಳಲ್ಲೊಂದನ್ನು ೧೮೭೦ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಹ್ಯೂಯಿನ್ಸ್ ತೆಗೆದನೆಂದು ಇತಿಹಾಸಕಾರರು ಹೇಳುತ್ತಾರೆ. ಅದೂ ಉದ್ದಗಾಲಿನ ಹಕ್ಕಿಯೇ: ಗೂಡಿನಲ್ಲಿದ್ದ ಬಿಳಿ ಕೊಕ್ಕರೆ. ಗೂಡಿನ ಮೇಲೆ ಕೊಕ್ಕರೆ ಅಲುಗಾಡದೆ ನಿಲ್ಲುವ ಸ್ವಭಾವದ್ದಾದುದರಿಂದಲೇ ಆ ಚಿತ್ರ ಸಾಧ್ಯವಾಯಿತೆನ್ನಬಹುದು. ಮರುವರ್ಷ, ೧೮೭೧ರಲ್ಲಿ, ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಬಳಿದ ಒಣ ಫಲಕದ ವಿಚಾರವನ್ನು ಪ್ರಕಟಿಸಿದ. ಇತರರು ಅದನ್ನು ತಿದ್ದಿ ಚುರುಕುಗೊಳಿಸಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಂಗಡಿಯಲ್ಲಿ ಸಿದ್ಧ ಫಲಕಗಳನ್ನು ಕೊಂಡು ಚೀಲದಲ್ಲಿಟ್ಟುಕೊಂಡು ಎಲ್ಲಿಗಾದರೂ ಹೊರಡುವ ಕಾಲ ಬಂತು. ಮನೆಗೆ ಬಂದ ಮೇಲೆ ಸಾವಕಾಶವಾಗಿ ತೊಳೆದುಕೊಂಡರಾಯಿತು. ಹಕ್ಕಿಯ ಚಿತ್ರಗಾರ ಹುಟ್ಟಿದ್ದು ಆಗ. ೧೮೯೫ರಲ್ಲಿ ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ನಿಸರ್ಗಚಿತ್ರಕ್ಕಾಗಿ ಮೊಟ್ಟಮೊದಲ ಪದಕವನ್ನು ಕೊಟ್ಟಾಗ ಅದು ಸಂದದ್ದು ರೆಜಿನಾಲ್ಡ್ ಲಾಡ್ಜ್ ತೆಗೆದ ಚಿತ್ರಕ್ಕೆ. ಚಿತ್ರದ ವಿಷಯ, ಮೊಟ್ಟೆಗಳ ಮೇಲೆ ಕಾವು ಕೂತ ಟಿಟ್ಟಿಭ. ನಮ್ಮ ಕೆರೆಬಯಲಿನ ಟಿಟ್ಟಿಭದ ದಾಯಾದಿ ಅದು.

ಅದೇ ಕಾಲದಲ್ಲಿ ಯಾರ್ಕ್‌ಶೈರಿನ ಬೆಟ್ಟದ ಹಳ್ಳಿಯೊಂದರಿಂದ ಲಂಡನ್ನಿಗೆ ಬಂದು ಪುಸ್ತಕ ಪ್ರಕಾಶಕರಲ್ಲಿ ದುಡಿಯುತ್ತಿದ್ದ ಇಬ್ಬರು ಸೋದರರಿದ್ದರು: ರಿಚರ್ಡ್ ಕಿಯರ್ಟನ್, ಚೆರ್ರಿ ಕಿಯರ್ಟನ್. ಅಣ್ಣ ರಿಚರ್ಡ್ ಬಾಲ್ಯದಲ್ಲಿ ಹಕ್ಕಿಗೂಡು ಹುಡುಕುತ್ತ ಮರದಿಂದ ಬಿದ್ದು ಕುಂಟನಾಗಿದ್ದ. ಆದರೂ ಹಕ್ಕಿಯ ನಂಟು ಬಿಡಲಿಲ್ಲ. ೧೮೯೨ರ ಏಪ್ರಿಲ್ ೧೦ರಂದು ತಮ್ಮನು ಅಗ್ಗದ ಕ್ಯಾಮೆರಾದಿಂದ ಮೊಟ್ಟೆಗಳಿದ್ದ ಒಂದು ಗೂಡಿನ ಚಿತ್ರ ತೆಗೆದ. ಮೂರು ವರ್ಷಗಳ ಬಳಿಕ, ಆದ್ಯಂತ ನೈಜ ಛಾಯಾಚಿತ್ರಗಳನ್ನೇ ಬಳಸಿದ ಅವರ ಹಕ್ಕಿಗೂಡುಗಳ ಪುಸ್ತಕ ಹೊರಬಂತು.

ಗೂಡು ಓಡಿಹೋಗುವುದಿಲ್ಲ, ಹಕ್ಕಿ ಹಾರಿಹೋಗುತ್ತದೆ. ಆದ್ದರಿಂದ ಮನುಷ್ಯ ಮನುಷ್ಯನಂತೆ ಕಾಣಬಾರದು ಎಂಬ ತತ್ತ್ವವನ್ನು ಈ ಸೋದರರು ಹಿಡಿದರು. ಹುಲ್ಲಿನ ಬಣವೆ, ಕಲ್ಲುಗುಂಡು, ಮರದ ಬೊಡ್ಡೆ, ಹೀಗೆ ನಾನಾ ವೇಷದ ಮರೆಗಳನ್ನು ಕಟ್ಟಿದರು. ಇವೆಲ್ಲಕ್ಕಿಂತ ಹೆಸರಾದದ್ದು ೧೯೦೦ರ ಸುಮಾರಿನಲ್ಲಿ ಸಿದ್ಧಪಡಿಸಿದ ಚರ್ಮದ ಎತ್ತು. ಹಗುರವಾದ ಹಂದರದ ಮೇಲೆ ನಿಜವಾದ ಎತ್ತಿನ ಚರ್ಮವನ್ನು ಹೊದಿಸಿ, ಅದರ ಟೊಳ್ಳು ಹೊಟ್ಟೆಯೊಳಗೆ ಒಬ್ಬ ಮನುಷ್ಯ ಬಗ್ಗಿ ನಿಂತು, ರಂಧ್ರವೊಂದರಿಂದ ಮಸೂರವನ್ನು ಚಾಚುವ ಏರ್ಪಾಡು. ಹಕ್ಕಿಗಳಿಗೆ ಮೇಯುವ ದನದ ಭಯವಿಲ್ಲವಷ್ಟೆ! ಒಳಗಿದ್ದವನ ಪಾಡು ಮಾತ್ರ ಹೇಳತೀರದು. ಒಮ್ಮೆ ರಿಚರ್ಡನಿಗೆ ಒಳಗೇ ಬವಳಿ ಬಂದು, ಎತ್ತು ಸಮೇತ ಉರುಳಿಬಿದ್ದ. ತಮ್ಮನು ಬರುವ ಹೊತ್ತಿಗೆ ಎತ್ತಿನ ನಾಲ್ಕು ಕಾಲುಗಳೂ ಆಕಾಶ ನೋಡುತ್ತಿದ್ದವು.

ಈ ರಿಚರ್ಡ್ ಕಿಯರ್ಟನನನ್ನು ೧೯೦೦ರಲ್ಲಿ ಕಂಡು, ಅವನ ಮಾತಿನಿಂದ ಪ್ರೇರಿತರಾಗಿ ಕ್ಯಾಮೆರಾ ಹಿಡಿದವರು ಎಮ್ಮಾ ಲೂಯಿಸಾ ಟರ್ನರ್. ೧೮೬೭ರಲ್ಲಿ ಕೆಂಟ್ ಪ್ರಾಂತದಲ್ಲಿ ಹುಟ್ಟಿದ ಈಕೆಗೆ ಆಗ ಮೂವತ್ತು ದಾಟಿತ್ತು. ಆ ಕಾಲದ ಹೆಂಗಸರು ನೆಲ ಗುಡಿಸುವ ನಿಲುವಂಗಿ ತೊಡುತ್ತಿದ್ದವರು. ಜೌಗಿಗೆ ಇಳಿಯುವುದು ಬೇಟೆಗಾರ ಗಂಡಸರ ಪಾಲಿನದೆಂದು ಎಲ್ಲರೂ ತಿಳಿದಿದ್ದ ಕಾಲ. ಟರ್ನರ್ ಹೋಗಿ ನೆಲೆನಿಂತದ್ದು ಇಂಗ್ಲೆಂಡಿನ ಪೂರ್ವದಂಡೆಯ ನಾರ್ಫಕ್ ಸೀಮೆಯಲ್ಲಿ. ಅಲ್ಲಿ ಸಮುದ್ರಕ್ಕೆ ಕೂಗಳತೆ ಎನ್ನಬಹುದಾದಷ್ಟು ಸಮೀಪದಲ್ಲಿ ಹಿಕ್ಲಿಂಗ್ ಬ್ರಾಡ್ ಎಂಬ ಆಳವಿಲ್ಲದ ವಿಶಾಲ ಜಲಾಶಯವಿದೆ. ಸುತ್ತ ಆಳೆತ್ತರದ ಜೊಂಡು. ತಾವೇ ರೂಪಿಸಿದ ಒಂದು ದೋಣಿಮನೆಯನ್ನು ಅವರು ಅಲ್ಲಿ ತೇಲಬಿಟ್ಟರು. ಆ ಸೀಮೆಯಲ್ಲಿ ತಾವು ಮೊದಲು ಚಿತ್ರ ತೆಗೆದ ಜೌಗುಕೋಳಿಯ ಹೆಸರನ್ನೇ ಅದಕ್ಕೆ ಇಟ್ಟರು. ವರ್ಷವರ್ಷವೂ ಕೆಲವು ಕಾಲ ಅಲ್ಲಿ ವಾಸ. ಕಾಲು ಶತಮಾನದುದ್ದಕ್ಕೂ ಈ ವ್ರತ ನಡೆಯಿತು. ಇಂದಿಗೂ ಅಲ್ಲಿಯ ಒಂದು ಪುಟ್ಟ ದ್ವೀಪಕ್ಕೆ ಟರ್ನರ್ ದ್ವೀಪವೆಂದೇ ಹೆಸರು.

ಜೌಗಿನಲ್ಲಿ ಚಿತ್ರ ತೆಗೆಯುವ ಕಷ್ಟವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೂರು ಕಾಲಿನ ಸ್ಟ್ಯಾಂಡನ್ನು ಕೆಸರಿನಲ್ಲಿ ಊರಿದರೆ ಒಂದೊಂದು ಕಾಲು ಒಂದೊಂದು ಆಳಕ್ಕೆ ಇಳಿಯುತ್ತದೆ. ಗಾಜಿನ ಫಲಕಗಳ ಭಾರ ಬೇರೆ. ಎಡವಿದರೆ ಒಂದು ದಿನದ ದುಡಿಮೆ ಒಡೆದು ಚೂರು. ಕರಿಬಟ್ಟೆಯ ಮುಸುಕಿನೊಳಗೆ ತಲೆಯಿಟ್ಟು ನೋಡಿದರೆ ಹಿಂದಿನ ಮಸುಕುಗಾಜಿನ ಮೇಲೆ ಹಕ್ಕಿ ತಲೆಕೆಳಗಾಗಿ ಕಾಣುತ್ತದೆ. ಫಲಕವನ್ನು ಒಳಗೆ ತೂರಿಸಿದ ಮೇಲೆ ಅದೂ ಕಾಣುವುದಿಲ್ಲ. ಆಮೇಲೆ ಊಹೆಯೇ ಗತಿ. ಸಣ್ಣ ಗಾಳಿ ಬೀಸಿದರೂ ಜೊಂಡು ತೂಗಾಡಿ ಚಿತ್ರ ಕಲಸಿಹೋಗುತ್ತದೆ. ಅಳಿವೆಯಂತಹ ಜಾಗವಾದರೆ ಇವೆಲ್ಲದರ ಮೇಲೆ ಸಮುದ್ರದ ಉಬ್ಬರವಿಳಿತದ ಗಡಿಯಾರವನ್ನು ಬೇರೆ ನೋಡುತ್ತಿರಬೇಕು. ನೀರಿಳಿದಾಗ ಹಕ್ಕಿಗಳು ಕೆಸರಿನ ಬಯಲಿನಲ್ಲಿ ಹರಡಿ ಹುಳುಹುಪ್ಪಟೆ ಹೆಕ್ಕುತ್ತ ಬಲುದೂರ ಹೋಗಿಬಿಡುತ್ತವೆ. ನೀರೇರಿದಾಗ ಮಾತ್ರ ಉಳಿದ ಒಂದಿಷ್ಟು ದಿಬ್ಬದ ಮೇಲೆ ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ಚಿತ್ರಗಾರನು ಅವುಗಳಿಗಿಂತ ಮೊದಲೇ ಹೋಗಿ ಅಡಗಿ ಕುಳಿತಿರಬೇಕು, ನೀರಿಳಿಯುವವರೆಗೆ ಏಳುವಂತಿಲ್ಲ.

ಹಾಗೆ ಅಡಗಲು ಕಟ್ಟುತ್ತಿದ್ದ ಕ್ಯಾನ್ವಾಸಿನ ಗೂಡನ್ನು ಮೊದಲು ದೂರದಲ್ಲಿಟ್ಟು, ದಿನಕ್ಕೆ ಕೆಲವೇ ಅಡಿಗಳಷ್ಟು ಮುಂದೆ ಸರಿಸುತ್ತ, ಹಕ್ಕಿಗೆ ಅದರ ಪರಿಚಯವಾದ ಮೇಲೆಯೇ ಒಳಗೆ ಕೂರುವುದು ಪದ್ಧತಿಯಾಯಿತು. ಇನ್ನೊಂದು ಸ್ವಾರಸ್ಯ ಕೇಳಿ. ಒಬ್ಬನೇ ಹೋಗಿ ಒಳಗೆ ಕುಳಿತರೆ ಹಕ್ಕಿ ಗೂಡಿನ ಹತ್ತಿರ ಸುಳಿಯುವುದಿಲ್ಲ. ಇಬ್ಬರು ಹೋಗಿ ಒಬ್ಬನು ಮಾತ್ರ ಹಿಂದಿರುಗಿದರೆ, ಅಪಾಯ ಕಳೆಯಿತೆಂದು ನೆಮ್ಮದಿಯಿಂದ ಮರಳುತ್ತದೆ. ಹಕ್ಕಿಗೆ ಭಯ ಗೊತ್ತು, ಲೆಕ್ಕ ಬಾರದು.

ಆ ಜೌಗಿನಲ್ಲಿ ಹಿಂದೆ ಬಿಟರ್ನ್ ಎಂಬ ಬಕಜಾತಿಯ ಹಕ್ಕಿ ಯಥೇಚ್ಛವಾಗಿತ್ತು. ಮೈಮೇಲೆ ಒಣಜೊಂಡಿನ ಬಣ್ಣದ ಗೆರೆಗಳು. ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆತ್ತಿ ತಾನೂ ಒಂದು ಜೊಂಡಾಗಿ ನಿಂತುಬಿಡುವ ಚಮತ್ಕಾರ. ವಸಂತದಲ್ಲಿ ಗಂಡುಹಕ್ಕಿ ಗೂಳಿಯ ಗುಟುರಿನಂತೆ ಕೂಗುವ ಸದ್ದು ಮೈಲಿಗಳಾಚೆಗೆ ಕೇಳುತ್ತಿತ್ತು. ಆದರೆ ಜೌಗನ್ನು ಬಸಿದು ಹೊಲ ಮಾಡಿದರು. ಅಳಿದುಳಿದ ಹಕ್ಕಿಗಳನ್ನು ಬಂದೂಕಿನವರು, ಮೊಟ್ಟೆ ಸಂಗ್ರಹಿಸುವವರು ಮುಗಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟನ್ನಿನಲ್ಲಿ ಬಿಟರ್ನ್ ಮರಿ ಮಾಡುವುದು ನಿಂತೇಹೋಯಿತು. ೧೯೧೧ರ ಬೇಸಗೆಯಲ್ಲಿ ಟರ್ನರ್ ಮತ್ತು ಅಲ್ಲಿಯ ಕಾವಲುಗಾರ ಜಿಮ್ ವಿನ್ಸೆಂಟ್ ಜೊಂಡಿನ ನಡುವೆ ಹುಡುಕಾಡಿ ಒಂದು ಮರಿಯನ್ನು ಕಂಡರು. ಇನ್ನೂ ಹಾರಲು ಬಾರದ ಬಿಟರ್ನ್ ಮರಿ! ಟರ್ನರ್ ತೆಗೆದ ಅದರ ಚಿತ್ರವೇ ಆ ಹಕ್ಕಿ ತವರಿಗೆ ಮರಳಿ ಸಂಸಾರ ಹೂಡಿದೆಯೆಂಬುದಕ್ಕೆ ಮೊದಲ ಸಾಕ್ಷಿಯಾಯಿತು. ಹಿಂದಿನ ಕಾಲದ ಪಕ್ಷಿಶಾಸ್ತ್ರಜ್ಞನಾಗಿದ್ದರೆ ಇಂತಹ ಸುದ್ದಿಯನ್ನು ರುಜುಪಡಿಸಲು ಏನು ಮಾಡುತ್ತಿದ್ದ? ಮರಿಯನ್ನು ಕೊಂದು ಚರ್ಮ ಸುಲಿದು ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಿದ್ದ. ಟರ್ನರ್ ಗಾಜಿನ ಫಲಕ ತೋರಿಸಿದರು. ಮರಿ ಜೌಗಿನಲ್ಲಿಯೇ ಉಳಿಯಿತು. ೧೮೫೬ರ ಹೊಟ್ಟು ತುಂಬಿದ ಬಕಕ್ಕೂ ೧೯೧೧ರ ಈ ಮರಿಗೂ ನಡುವಿನ ಐವತ್ತೈದು ವರ್ಷಗಳಲ್ಲಿ ಬದಲಾದದ್ದು ಯಂತ್ರವೊಂದೇ ಅಲ್ಲ.

ಅದೇ ಬೇಸಗೆಯಲ್ಲಿ ಲಂಡನ್ನಿನ ಬೀದಿಗಳಲ್ಲಿ ಬೇರೊಂದು ಬಕದ ಚಿತ್ರ ಮೆರವಣಿಗೆ ಹೊರಟಿತ್ತು. ಅದರ ಹಿನ್ನೆಲೆಯನ್ನು ಹೇಳದೆ ಈ ಕಥೆ ಪೂರ್ಣವಾಗದು. ಆ ದಿನಗಳಲ್ಲಿ ಯೂರೋಪ್ ಅಮೆರಿಕಗಳ ಸಿರಿವಂತ ಹೆಂಗಸರು ಟೋಪಿಗೆ ಬೆಳ್ಳಕ್ಕಿಯ ಗರಿ ಸಿಕ್ಕಿಸುತ್ತಿದ್ದರು. ಸಾಮಾನ್ಯ ಗರಿಯಲ್ಲ, ಮರಿ ಮಾಡುವ ಕಾಲದಲ್ಲಿ ಮಾತ್ರ ಬೆನ್ನಿನ ಮೇಲೆ ಮೂಡುವ, ಗಾಳಿಗೆ ನವಿರಾಗಿ ನಲಿಯುವ ಎಳೆಗರಿ. ತೂಕಕ್ಕೆ ತೂಕ ಹಾಕಿದರೆ ಚಿನ್ನಕ್ಕಿಂತ ಹೆಚ್ಚು ಬೆಲೆಗೆ ಅದು ಮಾರಾಟವಾಗುತ್ತಿತ್ತು. ಮರಿಗಳನ್ನು ಬಿಟ್ಟು ತಾಯಿತಂದೆಗಳು ದೂರ ಹಾರದ ಕಾಲ ಅದೇ ಆದ್ದರಿಂದ ಬೇಟೆ ಬಲು ಸುಲಭ. ಒಂದು ಗರಿಗುಚ್ಛವೆಂದರೆ ಎರಡು ದೊಡ್ಡ ಹಕ್ಕಿಗಳ ಸಾವು ಮಾತ್ರವಲ್ಲ, ಗೂಡಿನಲ್ಲಿ ಬಾಯಿ ತೆರೆದು ಕಾದ ಮರಿಗಳ ಉಪವಾಸದ ಸಾವೂ ಹೌದು.

ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾದ ಕಡಲಜೌಗುಗಳಲ್ಲಿ ಈ ಕೊಲೆ ವಿಪರೀತವಾಗಿತ್ತು. ಅಲ್ಲಿ ಗೈ ಬ್ರ್ಯಾಡ್ಲಿ ಎಂಬಾತನನ್ನು ೧೯೦೨ರಲ್ಲಿ ಹಕ್ಕಿಗಳ ಕಾವಲಿಗೆ ನೇಮಿಸಿದರು. ಯೌವನದಲ್ಲಿ ತಾನೇ ಗರಿಬೇಟೆಗೆ ಹೋದವನು; ಆದ್ದರಿಂದ ದಾರಿಗಳೆಲ್ಲ ಗೊತ್ತು. ೧೯೦೩ರಲ್ಲಿ ಹರ್ಬರ್ಟ್ ಜಾಬ್ ಎಂಬ ಪಾದ್ರಿಯೊಬ್ಬರು ಕ್ಯಾಮೆರಾ ಹೊತ್ತು ಬಂದಾಗ ಮ್ಯಾಂಗ್ರೋವ್ ಪೊದೆಗಳ ನಡುವಿನ ಬಕಗಳ ಬೀಡಿಗೆ ಅವರನ್ನು ಕರೆದೊಯ್ದವನು ಬ್ರ್ಯಾಡ್ಲಿಯೇ. ಜಾಬ್ ಅವರ ಚಿತ್ರಗಳ ಪುಸ್ತಕ ಹೊರಬಂದದ್ದು ೧೯೦೫ರಲ್ಲಿ. ಅದೇ ವರ್ಷ ಜುಲೈ ೮ರಂದು, ಹಕ್ಕಿಗಳನ್ನು ಕೊಲ್ಲುತ್ತಿದ್ದವರನ್ನು ತಡೆಯಲು ಒಂಟಿಯಾಗಿ ದೋಣಿಯಲ್ಲಿ ಹೋದ ಬ್ರ್ಯಾಡ್ಲಿಯನ್ನು ಗುಂಡಿಕ್ಕಿ ಕೊಂದರು. ಕೊಂದವನ ಮೇಲೆ ಮೊಕದ್ದಮೆ ನಿಲ್ಲಲಿಲ್ಲ. ಆದರೆ ಸುದ್ದಿ ದೇಶದುದ್ದಕ್ಕೂ ಹಬ್ಬಿ ಜನರ ಮನಸ್ಸನ್ನು ಕಲಕಿತು.

ಮರುವರ್ಷ, ೧೯೦೬ರಲ್ಲಿ, ಭೂಗೋಲದ ಇನ್ನೊಂದು ಮಗ್ಗುಲಿನ ಆಸ್ಟ್ರೇಲಿಯದಲ್ಲಿ ಮ್ಯಾಟಿಂಗ್ಲಿ ಎಂಬ ಪಕ್ಷಿಪ್ರೇಮಿ ಮತೂರ ಎಂಬಲ್ಲಿನ ನದೀಜೌಗಿನಲ್ಲಿದ್ದ ಬೆಳ್ಳಕ್ಕಿಗಳ ಬೀಡಿಗೆ ಹೋದ. ಗರಿಬೇಟೆಗಾರರು ಅವನಿಗಿಂತ ಮೊದಲೇ ಬಂದು ಹೋಗಿದ್ದರು. ದೊಡ್ಡ ಹಕ್ಕಿಗಳು ಸತ್ತು ಬಿದ್ದಿದ್ದವು. ಗೂಡುಗಳಲ್ಲಿ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಮ್ಯಾಟಿಂಗ್ಲಿ ಕಂಡದ್ದನ್ನು ಕಂಡಂತೆ ಚಿತ್ರ ತೆಗೆದ. ೧೮೮೯ರಲ್ಲಿ ಹೆಂಗಸರೇ ಮುಂದಾಗಿ ಕಟ್ಟಿ, ೧೯೦೪ರಲ್ಲಿ ರಾಜಮನ್ನಣೆ ಪಡೆದಿದ್ದ ಇಂಗ್ಲೆಂಡಿನ ಪಕ್ಷಿರಕ್ಷಣ ಸಂಘ ಆ ಚಿತ್ರಗಳನ್ನು ಕೈಗೆತ್ತಿಕೊಂಡಿತು. ೧೯೧೧ರ ಜುಲೈಯಲ್ಲಿ, ಟೋಪಿಯಂಗಡಿಗಳ ಬೀದಿಗಳಲ್ಲಿ, ಎದೆಗೂ ಬೆನ್ನಿಗೂ ಹಲಗೆ ಕಟ್ಟಿಕೊಂಡ ಆಳುಗಳು ಆ ಚಿತ್ರಗಳನ್ನು ಹೊತ್ತು ಸಾಲಾಗಿ ನಡೆದರು. ಭಾಷಣ ಕೇಳದವರು ಚಿತ್ರ ನೋಡಿದರು. ನೋಡಿದ ಮೇಲೆ ಟೋಪಿಯ ಗರಿ ಮೊದಲಿನಷ್ಟು ಹಗುರವಾಗಿ ಉಳಿಯಲಿಲ್ಲ. ಗರಿಗಳ ಆಮದನ್ನು ನಿಷೇಧಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು ಹತ್ತು ವರ್ಷಗಳ ಮೇಲೆ, ೧೯೨೧ರಲ್ಲಿ. ಕಾಡುಹಕ್ಕಿಗಳ ಗರಿಯನ್ನು ಹೊರದೇಶಕ್ಕೆ ಕಳಿಸಬಾರದೆಂಬ ಆಜ್ಞೆ ನಮ್ಮ ಭಾರತದಲ್ಲಿ ೧೯೦೨ರಲ್ಲಿಯೇ ಹೊರಟಿತ್ತೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕಳ್ಳಸಾಗಣೆ ಅದರಿಂದ ನಿಲ್ಲಲಿಲ್ಲವೆಂಬುದೂ ನಿಜವೇ. ಕೊಳ್ಳುವವರ ಮನಸ್ಸು ಬದಲಾಗದೆ ಮಾರುವವರ ಕೈ ಕಟ್ಟಿದರೆ ಅಷ್ಟೇ ಫಲ. ಆ ಮನಸ್ಸನ್ನು ಬದಲಿಸುವ ಕೆಲಸದಲ್ಲಿ ಚಿತ್ರದ ಪಾಲು ದೊಡ್ಡದು.

ಹಾಗೆಂದು ಚಿತ್ರಗಾರರೆಲ್ಲ ಪುಣ್ಯಾತ್ಮರೆಂದು ತಿಳಿಯಬೇಕಾಗಿಲ್ಲ. ಗೂಡಿನ ಸುತ್ತ ಜೊಂಡನ್ನು ಸವರಿ ಬೆಳಕು ಬಿಡಿಸಿಕೊಂಡವರುಂಟು. ಮರೆ ಕಳೆದ ಗೂಡು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ. ಚಿತ್ರಗಾರ ಹೆಚ್ಚು ಹೊತ್ತು ಕುಳಿತರೆ ತಾಯಿಹಕ್ಕಿ ದೂರ ಉಳಿದು ಮೊಟ್ಟೆ ತಣ್ಣಗಾಗುತ್ತದೆ. ಬಂದೂಕು ಒಂದೇ ಸದ್ದಿಗೆ ಕೊಲ್ಲುತ್ತದೆ. ಅವಿವೇಕದ ಕ್ಯಾಮೆರಾ ಸದ್ದಿಲ್ಲದೆ ಕೊಲ್ಲುತ್ತದೆ. ಇದನ್ನು ಚೆನ್ನಾಗಿ ಅರಿತವರು ಹಕ್ಕಿಯ ಕ್ಷೇಮ ಮೊದಲು, ಚಿತ್ರ ಆಮೇಲೆ ಎಂಬ ನಿಯಮವನ್ನು ತಮಗೆ ತಾವೇ ಹಾಕಿಕೊಂಡರು. ಎಮ್ಮಾ ಟರ್ನರ್ ಚಿತ್ರಗಾರ್ತಿಯ ಪಟ್ಟದಿಂದ ಕಾವಲುಗಾರ್ತಿಯ ಕೆಲಸಕ್ಕೆ ಬಂದರು. ನಾರ್ಫಕ್ ತೀರದ ಸ್ಕಾಲ್ಟ್ ಹೆಡ್ ಎಂಬ ಮರಳುದಿಬ್ಬದ ದ್ವೀಪದಲ್ಲಿ ಮೊಟ್ಟೆಯಿಡುವ ರೀವಹಕ್ಕಿಗಳನ್ನು ಕಾಯಲು ೧೯೨೪ರಲ್ಲಿ ಮೊದಲ ಕಾವಲುಗಾರ್ತಿಯಾಗಿ ಗುಡಿಸಿಲು ಹೂಡಿದಾಗ ಅವರ ವಯಸ್ಸು ಐವತ್ತೇಳು. ಪತ್ರಿಕೆಗಳವರು ಅವರನ್ನು ಇಂಗ್ಲೆಂಡಿನ ಅತ್ಯಂತ ಒಂಟಿ ಹೆಂಗಸು ಎಂದು ಕರೆದರು. ಸಾವಿರಾರು ಹಕ್ಕಿಗಳ ಗದ್ದಲದ ನಡುವೆ ಬದುಕುವವರನ್ನು ಒಂಟಿಯೆನ್ನಲು ಪೇಟೆಯವರಿಗೇ ಸಾಧ್ಯ. ಕೊನೆಯ ವರ್ಷಗಳಲ್ಲಿ ಕಣ್ಣಿನ ಪೊರೆಯಿಂದ ಅವರ ದೃಷ್ಟಿ ಹೋಯಿತು, ೧೯೪೦ರಲ್ಲಿ ತೀರಿಕೊಂಡರು. ಅಷ್ಟು ನೋಡಿದ ಕಣ್ಣುಗಳಿಗೆ ಹಾಗಾದದ್ದು ವಿಧಿಯ ಕ್ರೌರ್ಯವೆಂದೇ ಹೇಳಬೇಕು.

ಕಣ್ಣಿನ ಮಾತು ಬಂದುದರಿಂದ ಎರಿಕ್ ಹಾಸ್ಕಿಂಗ್ ಎಂಬವರನ್ನೂ ನೆನೆಯಬೇಕು. ೧೯೩೭ರಲ್ಲಿ ಗೂಬೆಯ ಚಿತ್ರಕ್ಕಾಗಿ ಹೋಗಿದ್ದಾಗ ತಾಯಿಗೂಬೆ ಎರಗಿ ಅವರ ಒಂದು ಕಣ್ಣು ಹೋಯಿತು. ಉಳಿದ ಒಂದು ಕಣ್ಣಿನಿಂದ ಅವರು ಅರ್ಧ ಶತಮಾನ ಹಕ್ಕಿಗಳ ಚಿತ್ರ ತೆಗೆದರು. ೧೯೫೬ ಮತ್ತು ೧೯೫೭ರಲ್ಲಿ ಗೈ ಮೌಂಟ್‌ಫೋರ್ಟ್ ಅವರ ತಂಡದೊಡನೆ ಸ್ಪೇನ್ ದೇಶದ ಗ್ವಾಡಲ್ಕಿವಿರ್ ನದಿ ಕಡಲು ಸೇರುವಲ್ಲಿನ ದೋನ್ಯಾನ ಜೌಗಿಗೆ ಹೋಗಿ ಅಲ್ಲಿಯ ಬಕ ಬೆಳ್ಳಕ್ಕಿಗಳ ವೈಭವವನ್ನು ಲೋಕಕ್ಕೆ ತೋರಿಸಿದರು. ಆ ಯಾತ್ರೆಗೆ ಹೋಗಿಬಂದ ಮೌಂಟ್‌ಫೋರ್ಟ್, ಜೂಲಿಯನ್ ಹಕ್ಸ್ಲಿ, ಮ್ಯಾಕ್ಸ್ ನಿಕಲ್ಸನ್ ಇವರೇ ೧೯೬೧ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರ ಸಾಲಿನಲ್ಲಿ ನಿಂತರು. ಆ ನಿಧಿ ಮೊದಲಲ್ಲೇ ಕೈಹಾಕಿದ ಕೆಲಸಗಳಲ್ಲೊಂದು ದೋನ್ಯಾನದ ನೆಲವನ್ನು ಕೊಂಡು ಉಳಿಸುವುದು. ೧೯೬೯ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಬೇರೂರಿತು. ರೈಲ್ವೆ ಇಲಾಖೆಯಲ್ಲಿದ್ದ ಲೋಥರ್ ಎಂಬಾತ ಭಾರತದ ಹಕ್ಕಿಗಳ ಚಿತ್ರಗಳ ಪುಸ್ತಕವನ್ನು ೧೯೪೯ರಲ್ಲಿ ಹೊರತಂದ. ಆಮೇಲಿನ ತಲೆಮಾರಿನಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಕನ್ನಡನಾಡಿಗೆ ಈ ಕಲೆಯಲ್ಲಿ ಹೆಸರು ತಂದರು. ಗಾಜಿನ ಫಲಕ ಹೋಗಿ ಫಿಲ್ಮು ಬಂತು, ಫಿಲ್ಮು ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ಟರ್ನರ್ ಒಂದು ದಿನಕ್ಕೆ ತೆಗೆಯಬಹುದಾಗಿದ್ದ ಚಿತ್ರಗಳಿಗಿಂತ ಹೆಚ್ಚನ್ನು ಇಂದಿನ ಕ್ಯಾಮೆರಾ ಒಂದೆರಡು ಸೆಕೆಂಡಿನಲ್ಲಿ ತೆಗೆಯುತ್ತದೆ. ಉಬ್ಬರವಿಳಿತ ಮಾತ್ರ ತನ್ನ ಹಳೆಯ ಗಡಿಯಾರವನ್ನು ಬದಲಿಸಿಲ್ಲ.

ಕುಮಟೆಯ ಬಳಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೋಗಿ ನೋಡಿದರೆ ಇದು ತಿಳಿಯುತ್ತದೆ. ಕೆಸರಿನ ಬಯಲಿನಲ್ಲಿ ಒಂದು ಕಡೆ ಹೆಂಗಸರು ಬಗ್ಗಿ ಚಿಪ್ಪಿಕಲ್ಲು ಆಯುತ್ತಿರುತ್ತಾರೆ; ಅಷ್ಟು ದೂರದಲ್ಲಿ, ಚಳಿಗಾಲ ಕಳೆಯಲು ಉತ್ತರದ ಹಿಮದ ನಾಡುಗಳಿಂದ ಬಂದ ಪುಟ್ಟ ಹಕ್ಕಿಗಳು ಕೊಕ್ಕು ಚುಚ್ಚಿ ಹುಳು ಹೆಕ್ಕುತ್ತಿರುತ್ತವೆ. ಹಿಂದೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು. ೨೦೨೪ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೆಲ ಉಳಿಯದು. ಅದನ್ನು ಪ್ರೀತಿಯಿಂದ ನೋಡುವ ಕಣ್ಣುಗಳು ಬೇಕು.

ಮುಂದಿನ ರಜೆಯಲ್ಲಿ ಮನೆಯ ಹುಡುಗರು ಕ್ಯಾಮೆರಾ ಹಿಡಿದು ಅಳಿವೆಗೋ ಕೆರೆಯಂಚಿಗೋ ಹೊರಟರೆ ತಡೆಯಬೇಡಿ. ಹತ್ತಿರ ಹೋಗಬೇಕೆಂಬ ಆತುರ ಬಂದಾಗ ಎರಡು ಹೆಜ್ಜೆ ಹಿಂದೆ ನಿಲ್ಲುವಂತೆ ಮಾತ್ರ ಹೇಳಿಕಳಿಸಿ. ಅವರು ಮರಳಿ ಬಂದ ಮೇಲೆ ಹಕ್ಕಿ ತಾನಿದ್ದ ಜಾಗದಲ್ಲಿಯೇ ಮೀನಿಗಾಗಿ ಕಾಯುತ್ತ ನಿಂತಿದ್ದರೆ, ಚಿತ್ರ ಚೆನ್ನಾಗಿ ಬಂದಿದೆಯೆಂದೇ ಅರ್ಥ.